ಖಾಲಿಯಾಗದ ಮುಲಾಮಿನ ಟ್ಯೂಬು

ಚರ್ಮ ಕೆಂಪಾಗಿ, ದಪ್ಪಗಟ್ಟಿ ಹೊಟ್ಟೇಳುವ ಸೋರಿಯಾಸಿಸ್ ಕಾಯಿಲೆ ಇರುವವರು ಎರಡನೆಯ ಸಲ ತೋರಿಸಿಕೊಳ್ಳಲು ಬರುವಾಗ ಮುಲಾಮಿನ ಹಳೆಯ ಟ್ಯೂಬನ್ನೂ ತರಬೇಕೆಂದು ನಾನು ಹೇಳಿ ಕಳಿಸುತ್ತೇನೆ. ತೋರುಬೆರಳಿನ ಕೊನೆಯ ಗೆಣ್ಣಿನಷ್ಟು ಉದ್ದಕ್ಕೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ತೂಗುತ್ತದೆ. ಅದು ಬೆರಳುಗಳೂ ಸೇರಿದಂತೆ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಎಂಟು ಅಂಗೈಯಷ್ಟು ಕಲೆಗಳಿಗೆ ದಿನಕ್ಕೊಮ್ಮೆ ಹಚ್ಚಿದರೂ 30 ಗ್ರಾಂ ಟ್ಯೂಬು ಹದಿನೈದು ದಿನಕ್ಕೆ ಮುಗಿಯಬೇಕು. ತಿಂಗಳಾದ ಮೇಲೂ ಅದು ಮುಕ್ಕಾಲು ತುಂಬಿದ್ದರೆ ಔಷಧವನ್ನು ದೂರುವಂತಿಲ್ಲ, ಏಕೆಂದರೆ ಅದು ಚರ್ಮಕ್ಕೆ ತಾಗಿಯೇ ಇಲ್ಲ.

ಅಂಥದೊಂದು ಟ್ಯೂಬು ತಂದಿದ್ದ ಗೃಹಿಣಿಯೊಬ್ಬರು ಮೊದಲು ಮರೆತೆ ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹಚ್ಕೊಂಡು ಮಲಗಿದ್ರೆ ಹಾಸಿಗೆ, ದಿಂಬು ಎಲ್ಲಾ ಜಿಡ್ಡಾಗುತ್ತೆ ಡಾಕ್ಟ್ರೇ. ಮೊದಲೇ ನನ್ನ ಬಟ್ಟೆ ಬೇರೆ ಒಗೀತಾರೆ, ಅದರ ಮೇಲೆ ಇದೊಂದು" ಎಂದರು. ದಪ್ಪಗಟ್ಟಿದ ಕಲೆಗೆ ಜಿಡ್ಡಿನ ಮುಲಾಮೇ ಹೆಚ್ಚು ಪರಿಣಾಮಕಾರಿ ಎಂದು ನಾನು ಬರೆದುಕೊಟ್ಟಿದ್ದು ತಪ್ಪಾಗಿರಲಿಲ್ಲ. ಆದರೆ ಅದನ್ನು ಯಾವ ಮನೆಯಲ್ಲಿ, ಯಾವ ಹಾಸಿಗೆಯಲ್ಲಿ ಹಚ್ಚಿಕೊಳ್ಳಬೇಕು ಎಂದು ಕೇಳಿರಲಿಲ್ಲ. ಬೇಗ ಹೀರಿಕೊಳ್ಳುವ ಕ್ರೀಮಿಗೆ ಬದಲಾಯಿಸಿದೆ. ಅದರ ಶಕ್ತಿ ತುಸು ಕಡಿಮೆಯಾದರೂ ಅವರು ದಿನವೂ ಹಚ್ಚಿದರು.

ಕಾಯಿಲೆಯ ತೀವ್ರತೆಯನ್ನು ನಾವು ಅಳೆಯುವ ಪಾಸಿ ಎಂಬ ಮಾಪನ 1978ರದು. ಕೆಂಪು, ದಪ್ಪ, ಹೊಟ್ಟು ಮತ್ತು ಹರವು ಇವುಗಳನ್ನು ನೋಡಿ 0ಯಿಂದ 72ರವರೆಗೆ ಅಂಕ ಕೊಡುತ್ತದೆ. ಇದು ವೈದ್ಯರ ಕಣ್ಣಿನ ಲೆಕ್ಕ. ಚರ್ಮರೋಗ ಬದುಕನ್ನು ಎಷ್ಟು ಬಾಧಿಸಿದೆ ಎಂದು ಅಳೆಯಲು ಬ್ರಿಟನ್ನಿನ ಕಾರ್ಡಿಫ್‌ನ ಫಿನ್ಲೆ ಮತ್ತು ಖಾನ್ 1994ರಲ್ಲಿ ರೂಪಿಸಿದ ಡಿಎಲ್‌ಕ್ಯುಐ ಪ್ರಶ್ನಾವಳಿಯಲ್ಲಿ ಉತ್ತರಿಸುವವರು ರೋಗಿಗಳು. ಕಳೆದ ಒಂದು ವಾರದ ತುರಿಕೆ, ಸಂಕೋಚ, ಉಡುಪು, ಕೆಲಸ, ದಾಂಪತ್ಯಗಳನ್ನು ಕುರಿತ ಹತ್ತು ಪ್ರಶ್ನೆಗಳಲ್ಲಿ ಕೊನೆಯದು, ಚಿಕಿತ್ಸೆಯೇ ಎಷ್ಟು ತೊಂದರೆ ಕೊಟ್ಟಿತು, ಮನೆ ಗಲೀಜಾಯಿತೇ, ಸಮಯ ಹಾಳಾಯಿತೇ ಎಂದು ವಿಚಾರಿಸುತ್ತದೆ. ಆ ಗೃಹಿಣಿಗೆ ನಾನು ಕೇಳದೆ ಬಿಟ್ಟದ್ದು ಇದನ್ನೇ.

ಈ ಎರಡು ಲೆಕ್ಕಗಳು ತಾಳೆಯಾಗದಿರುವುದು ಅಪರೂಪವಲ್ಲ. ಬಸ್ ಕಂಡಕ್ಟರ್ ಒಬ್ಬರಿಗೆ ಎರಡು ಅಂಗೈಗಳಲ್ಲಿ ಮಾತ್ರ ಕಾಯಿಲೆಯಿತ್ತು. ಹರವಿನ ಪ್ರಕಾರ ಅದು ದೇಹದ ಶೇಕಡಾ 2ರಷ್ಟು, ಅಂದರೆ ಸೌಮ್ಯ. ಆದರೆ ಚಿಲ್ಲರೆ ಕೊಡಲು ಕೈ ಚಾಚಿದಾಗ ಪ್ರಯಾಣಿಕರು ಕೈ ಹಿಂದೆಳೆದುಕೊಳ್ಳುವುದನ್ನು ಅವರು ದಿನಕ್ಕೆ ನೂರು ಸಲ ನೋಡಬೇಕಿತ್ತು. ಅವರ ಪ್ರಶ್ನಾವಳಿಯ ಅಂಕ 10ನ್ನು ದಾಟಿತ್ತು, ಅಂದರೆ ಬದುಕಿನ ಮೇಲೆ ಬಹಳ ದೊಡ್ಡ ಪರಿಣಾಮ.

ಹಾಗೆಂದು ರೋಗಿಯ ತೃಪ್ತಿಯನ್ನೇ ಪ್ರಮಾಣವೆಂದು ಒಪ್ಪಲು ನಾನು ಸಿದ್ಧನಿಲ್ಲ. ಸ್ಟೀರಾಯ್ಡ್ ಮಾತ್ರೆ ಕೊಟ್ಟವರ ರೋಗಿಗಳು ಮೊದಲ ಎರಡು ವಾರ ಎಲ್ಲರಿಗಿಂತ ತೃಪ್ತರಾಗಿರುತ್ತಾರೆ. ಮಾತ್ರೆ ನಿಲ್ಲಿಸಿದೊಡನೆ ಕಾಯಿಲೆ ಮರುಕಳಿಸಿ, ಕೆಲವರಿಗೆ ಮೈತುಂಬ ಕೀವುಗುಳ್ಳೆ ಎದ್ದು ಆಸ್ಪತ್ರೆ ಸೇರಬೇಕಾಗುತ್ತದೆ. ಪೂರ್ತಿ ವಾಸಿಯಾಗುತ್ತದೆಯೇ ಎಂಬ ಪ್ರಶ್ನೆಗೆ, ಹತೋಟಿಯಲ್ಲಿಡಬಹುದು, ಬುಡಸಹಿತ ಕೀಳಲಾಗದು ಎಂದು ಮೊದಲ ದಿನವೇ ಹೇಳದಿದ್ದರೆ ಅವರು ಹೆಸರಿಲ್ಲದ ಪುಡಿಗಳ ಕಡೆಗೆ ಹೋಗುತ್ತಾರೆ.

ಕಂಡಕ್ಟರ್‌ಗೆ ಇದ್ದ ದಾರಿಗಳನ್ನೆಲ್ಲ ಬಿಡಿಸಿ ಹೇಳಿದೆ. 311 ನ್ಯಾನೋಮೀಟರ್ ನೇರಳಾತೀತ ಬೆಳಕಿನ ಚಿಕಿತ್ಸೆಗೆ ವಾರಕ್ಕೆ ಎರಡು ಮೂರು ಸಲ ತಿಂಗಳುಗಟ್ಟಲೆ ಬರಬೇಕು. ಪಾಳಿ ಬದಲಾಗುವ ಅವರಿಗೆ ಅದು ಆಗದು. ಸೆಕುಕಿನುಮಾಬ್‌ನಂಥ ಚುಚ್ಚುಮದ್ದನ್ನು ಮೊದಲು ವಾರಕ್ಕೊಂದರಂತೆ ಐದು ಸಲ, ಆಮೇಲೆ ತಿಂಗಳಿಗೊಮ್ಮೆ ತೆಗೆದುಕೊಂಡರೆ ಸಾಕು, ಆದರೆ ಮೊದಲೇ ಕ್ಷಯದ ತಪಾಸಣೆಯಾಗಬೇಕು, ಬೆಲೆಯೂ ಅವರ ಕೈಗೆಟುಕದು. ಮೆಥೊಟ್ರೆಕ್ಸೇಟ್ ಅಗ್ಗ, ಆದರೆ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ, ಮದ್ಯ ಮುಟ್ಟುವಂತಿಲ್ಲ, ಮತ್ತು ಅದು ವಾರಕ್ಕೊಮ್ಮೆಯ ಮಾತ್ರೆ. ದಿನವೂ ನುಂಗಿದರೆ ಜೀವಕ್ಕೇ ಅಪಾಯ. ಅವರು ಅದನ್ನೇ ಆರಿಸಿಕೊಂಡು, ಮರುದಿನ ಹೊಟ್ಟೆ ತೊಳಸಿದರೆ ಬಸ್ಸಿನಲ್ಲಿ ನಿಲ್ಲುವುದು ಕಷ್ಟ ಸಾರ್ ಎಂದರು. ವಾರದ ರಜೆ ಯಾವಾಗ ಎಂದು ಕೇಳಿ, ಚೀಟಿಯಲ್ಲಿ ದೊಡ್ಡಕ್ಷರಗಳಲ್ಲಿ ಬರೆದೆ: ಮಂಗಳವಾರ ರಾತ್ರಿ ಮಾತ್ರ.