ಮೇಸ್ತ್ರಿಗೆ ಕೊಟ್ಟ ಮುಂಗಡ ಜೀತವಾಗುವುದು ಯಾವಾಗ?

ಓದುಗರ ಪ್ರಶ್ನೆ: ಹಾಸನದ ಹತ್ತಿರ ನಮ್ಮದೊಂದು ಸಣ್ಣ ನರ್ಸರಿ ಇದೆ. ಸಕಲೇಶಪುರ, ಮೂಡಿಗೆರೆ ಕಡೆಯ ರೆಸಾರ್ಟ್‌ಗಳ ಗಾರ್ಡನ್ ಕೆಲಸವನ್ನೂ ಕಾಂಟ್ರಾಕ್ಟ್ ಹಿಡಿಯುತ್ತೇವೆ. ಈಗ ಒಂದು ರೆಸಾರ್ಟ್‌ನವರು ‘ನಮ್ಮಲ್ಲಾಗಲಿ, ನಮಗೆ ಮಾಲು ಕೊಡುವವರಲ್ಲಾಗಲಿ ಆಧುನಿಕ ಗುಲಾಮಗಿರಿ ಇಲ್ಲ’ ಅಂತ ಒಂದು ಫಾರಂಗೆ ಸಹಿ ಕೇಳಿದ್ದಾರೆ. ಆಳು ಕರೆತರುವ ಮೇಸ್ತ್ರಿಗೆ ನಾವು ಮುಂಗಡ ಕೊಡುತ್ತೇವೆ. ಎಲ್ಲರೂ ಕೊಡುತ್ತಾರೆ. ಸಹಿ ಹಾಕಬಹುದಾ?

ಉತ್ತರ: ಮುಂಗಡ ಕೊಟ್ಟ ಮಾತ್ರಕ್ಕೆ ಜೀತ ಆಗುವುದಿಲ್ಲ. ಆದರೆ ಆ ದುಡ್ಡು ಮೇಸ್ತ್ರಿಯ ಕೈ ಸೇರಿದ ಮೇಲೆ ಏನಾಗುತ್ತದೆ ಅಂತ ನಿಮಗೆ ಗೊತ್ತಿಲ್ಲದಿದ್ದರೆ, ಸದ್ಯಕ್ಕೆ ಸಹಿ ಬೇಡ.

ಕಾನೂನು ಏನು ನೋಡುತ್ತದೆ ಅಂತ ಮೊದಲು ಹೇಳುತ್ತೇನೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಸರಪಳಿ, ಬೀಗಗಳನ್ನಷ್ಟೇ ಹುಡುಕುವುದಿಲ್ಲ. ಸಾಲ ಅಥವಾ ಮುಂಗಡದ ಕಾರಣಕ್ಕೆ ಒಬ್ಬರು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಬೇಕಾಗಿದೆಯೇ, ಬೇರೆಯವರ ಹತ್ತಿರ ಕೆಲಸಕ್ಕೆ ಹೋಗುವ ಹಾಗಿಲ್ಲವೇ, ಊರಿಗೆ ಹೊರಡುವ ಹಾಗಿಲ್ಲವೇ ಅಂತ ಕೇಳುತ್ತದೆ. ಇವುಗಳಲ್ಲಿ ಒಂದಿದ್ದರೂ ಸಾಕು. ಕಾಂಟ್ರಾಕ್ಟ್ ಕೆಲಸದವರು, ಹೊರರಾಜ್ಯದಿಂದ ಬಂದವರು ಕೂಡ ಇದರೊಳಗೆ ಬರುತ್ತಾರೆ ಅಂತ 1985ರ ತಿದ್ದುಪಡಿ ಬಿಡಿಸಿ ಹೇಳಿದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೇ ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟ್ 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಹೇಳಿತು. ಹೀಗೆ ಕಟ್ಟಿಹಾಕಿದ ಸಾಲ ಕಾಯ್ದೆಯ ಪ್ರಕಾರ ತಾನಾಗಿಯೇ ರದ್ದಾಗುತ್ತದೆ. ಅದನ್ನು ವಸೂಲಿ ಮಾಡಹೋದರೆ ಮೂರು ವರ್ಷದವರೆಗೆ ಜೈಲು. ಅದು ಜೀತದ ಸಾಲವಲ್ಲ ಅಂತ ಸಾಬೀತು ಮಾಡಬೇಕಾದವರೂ ಸಾಲ ಕೊಟ್ಟವರೇ.

ಇದೆಲ್ಲ ಎಲ್ಲೋ ದೂರದ ಮಾತು ಅನ್ನಿಸಬಹುದು. 2018ರ ಡಿಸೆಂಬರ್‌ನಲ್ಲಿ ನಮ್ಮದೇ ಅರಸೀಕೆರೆ ತಾಲ್ಲೂಕಿನ ಒಂದು ಶೆಡ್‌ನಿಂದ ಪೊಲೀಸರು 52 ಜನರನ್ನು ಬಿಡಿಸಿದರು. ಒಳ್ಳೆ ಕೂಲಿಯ ಆಸೆ ತೋರಿಸಿ ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನುಗಳಿಂದ ಕರೆತಂದು ಕೂಡಿಹಾಕಿದ್ದ ಜನ. ಒಬ್ಬ ತಪ್ಪಿಸಿಕೊಂಡು ಹೋಗಿ ಹೇಳಿದ ಮೇಲೆಯೇ ವಿಷಯ ಹೊರಬಿತ್ತು.

ನಿಮ್ಮ ನರ್ಸರಿಯಲ್ಲಿ ಅಂಥದ್ದೇನೂ ಇರಲಾರದು. ಇಲ್ಲಿ ಕಟ್ಟು ಬೀಳುವುದು ಸದ್ದಿಲ್ಲದೆ, ಮೇಸ್ತ್ರಿಯ ಪುಸ್ತಕದಲ್ಲಿ. ಒಂದು ಲೆಕ್ಕ ಹಾಕಿ ನೋಡೋಣ. ಊರು ಬಿಡುವಾಗ ಒಬ್ಬ 20,000 ರೂಪಾಯಿ ತೆಗೆದುಕೊಂಡ ಅಂದುಕೊಳ್ಳಿ. ದಿನಕ್ಕೆ 450ರಂತೆ ವಾರಕ್ಕೆ ಆರು ದಿನ ದುಡಿದರೆ 2,700. ಅದರಲ್ಲಿ ಮೇಸ್ತ್ರಿ ತನ್ನ ಕಮಿಷನ್ ಅಂತ ದಿನಕ್ಕೆ 50 ಹಿಡಿದರೆ 300 ಹೋಯಿತು. ಅಕ್ಕಿ, ಎಣ್ಣೆ, ಬೀಡಿ, ಮೊಬೈಲ್ ರೀಚಾರ್ಜ್‌ಗೆ ಒಂದು ಸಾವಿರ. ಊರಿಗೆ ಒಂದು ಸಾವಿರ. ಸಾಲಕ್ಕೆ ಉಳಿಯುವುದು 400. ಒಂದು ದಿನವೂ ತಪ್ಪದೆ ದುಡಿದರೂ ತೀರಿಸಲು 50 ವಾರ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಒಂದು ದಿನವೂ ತಪ್ಪದೆ ಗುಂಡಿ ತೋಡುವುದು! ಜುಲೈನಲ್ಲಿ ಕೆಲಸ ನಿಂತರೆ ಊಟದ ಖರ್ಚು ಮತ್ತೆ ಸಾಲಕ್ಕೇ ಸೇರುತ್ತದೆ. ಬಡ್ಡಿ ಇದ್ದರಂತೂ ಕೇಳಲೇಬೇಡಿ. ಆ ಹೊತ್ತಿಗೆ ಮನೆಯಲ್ಲಿ ಒಂದು ಸಾವು, ಹೆರಿಗೆ ಅಂತ ಬಂದರೆ ‘ಬಾಕಿ ಕಟ್ಟಿ ಹೋಗು’ ಅನ್ನುವ ಮಾತು ಬರುತ್ತದೆ. ಜೀತ ಅಂದರೆ ಅದೇ. ಕೆಲಸ ನಿಮ್ಮದು, ಲಾಭ ನಿಮ್ಮದು, ಮಾತು ಆಡಿದವನು ಮಾತ್ರ ಮೇಸ್ತ್ರಿ.

ಹಾಗಾಗಿ ಮೊದಲು ಮಾಡಬೇಕಾದದ್ದು, ಕೂಲಿಯನ್ನು ಒಬ್ಬೊಬ್ಬರ ಕೈಗೇ ಅಥವಾ ಅವರವರ ಖಾತೆಗೇ ಕೊಡುವುದು. ಗಂಡನ ಕೈಗೆ ಹೆಂಡತಿಯ ಕೂಲಿಯನ್ನೂ ಸೇರಿಸಿ ಕೊಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ, ಅದನ್ನೂ ನಿಲ್ಲಿಸಿ. ಮೇಸ್ತ್ರಿಯ ಕಮಿಷನ್ ನಿಮ್ಮ ಜೇಬಿನಿಂದ ಹೋಗಲಿ, ಕೂಲಿಯಿಂದ ಬೇಡ. ಮುಂಗಡ ಕೊಡಲೇಬೇಕಾದರೆ ಸಣ್ಣದಾಗಿರಲಿ, ಬಡ್ಡಿ ಬೇಡ. ಎಷ್ಟು ಕೊಟ್ಟಿರಿ, ಎಷ್ಟು ತೀರಿತು ಅನ್ನುವ ಚೀಟಿ ಅವರಿಗೆ ಓದಲು ಬರುವ ಭಾಷೆಯಲ್ಲಿ ಅವರ ಹತ್ತಿರವೇ ಇರಲಿ. ಬಾಕಿ ಇದ್ದಾಗಲೇ ಹೊರಟರೆ ಬಿಟ್ಟುಬಿಡಿ, ಆ ನಷ್ಟ ವ್ಯಾಪಾರದ್ದು. ‘ಸೇಫಾಗಿರಲಿ’ ಅಂತ ಆಧಾರ್ ಕಾರ್ಡ್ ಇಟ್ಟುಕೊಳ್ಳುವವರಿದ್ದಾರೆ. ಫೋಟೋ ತೆಗೆದುಕೊಂಡು ಕಾರ್ಡ್ ಆಗಲೇ ವಾಪಸ್ ಕೊಡಿ.

ಇನ್ನು ಮಾಲು ಕೊಡುವವರು. ಇಲ್ಲಿ ಎಲ್ಲರನ್ನೂ ಒಂದೇ ತೂಕದಲ್ಲಿ ಅನುಮಾನಿಸಬೇಕಿಲ್ಲ. ಪ್ಲಾಸ್ಟಿಕ್ ಕುಂಡ, ಡ್ರಿಪ್ ಪೈಪ್ ಮಾರುವ ಅಂಗಡಿಗಿಂತ ಇಟ್ಟಿಗೆ ಗೂಡು, ಕಲ್ಲು ಕ್ವಾರಿಗಳ ಕಡೆ ಗಮನವಿರಲಿ. ಇಡೀ ಸಂಸಾರವೇ ಮುಂಗಡ ಪಡೆದು ಬಂದು ದುಡಿಯುವ ಜಾಗಗಳು ಅವು. ದಾರಿಗೆ ಹಾಸುವ ಕಲ್ಲು ರಾಜಸ್ಥಾನದಿಂದ ಬರುತ್ತಿದ್ದರೆ ಅದನ್ನು ಕೆತ್ತಿದವರು ಯಾರು ಅಂತ ಕೇಳಿ. ಅಲ್ಲಿನ ಬೂಂದಿ ಕಡೆ ಮಕ್ಕಳು ಕಲ್ಲು ಒಡೆಯುತ್ತಿದ್ದದ್ದು ದಾಖಲಾಗಿದೆ. ತೆಂಗಿನ ನಾರಿನ ಘಟಕ, ಹುಲ್ಲುಹಾಸು ಬೆಳೆಯುವ ತೋಟ ಹತ್ತಿರದಲ್ಲೇ ಇದ್ದರೆ ಸುಮ್ನೆ ಒಮ್ಮೆ ಹೋಗಿ ಬನ್ನಿ, ಹೇಳದೆ. ಶಾಲೆ ಇರುವ ದಿನ ಮಕ್ಕಳು ಎಲ್ಲಿದ್ದಾರೆ? ಹಬ್ಬಕ್ಕೆ ಊರಿಗೆ ಹೋಗಿದ್ದರಾ ಅಂತ ಕೇಳಿದರೆ ಉತ್ತರಕ್ಕೆ ಮೊದಲು ಯಾರ ಮುಖ ನೋಡುತ್ತಾರೆ? ಸಹಿ ಹಾಕಿದ ಫಾರಂಗಿಂತ ಅದರಲ್ಲಿ ತಿಳಿಯುವುದೇ ಜಾಸ್ತಿ. ಎಲ್ಲರಿಗಿಂತ ತೀರಾ ಕಡಿಮೆ ರೇಟಿಗೆ ಇಟ್ಟಿಗೆ ಕೊಡುವವರಿದ್ದರೆ, ಆ ಉಳಿತಾಯ ಯಾರ ಕೂಲಿಯಿಂದ ಬಂತು ಅಂತಲೂ ಯೋಚಿಸಬೇಕಲ್ವಾ?

ಅನುಮಾನ ನಿಜವಾದರೆ? ‘ಇನ್ನು ನಿಮ್ಮ ಮಾಲು ಬೇಡ’ ಅಂತ ಹೇಳಿ ಸುಮ್ಮನಾಗುವುದು ಸುಲಭ. ಮಾಲೀಕ ಎಚ್ಚೆತ್ತು ರಾತ್ರೋರಾತ್ರಿ ಜನರನ್ನು ಬೇರೆ ಕಡೆ ಸಾಗಿಸುತ್ತಾನೆ, ಅಷ್ಟೇ. ಅವನಿಗೆ ಸುಳಿವು ಕೊಡದೆ ಜಿಲ್ಲಾಧಿಕಾರಿಗೆ ಅಥವಾ ಉಪವಿಭಾಗಾಧಿಕಾರಿಗೆ (ಎಸಿ) ಬರೆದು ಕೊಡಿ. ಹಾಸನ ಜಿಲ್ಲೆಗೆ ಹಾಸನ, ಸಕಲೇಶಪುರದಲ್ಲಿ, ಚಿಕ್ಕಮಗಳೂರಿಗೆ ಚಿಕ್ಕಮಗಳೂರು, ತರೀಕೆರೆಯಲ್ಲಿ ಎಸಿ ಕಚೇರಿಗಳಿವೆ. ಜೀತ ತಡೆಯಲು ಇರುವ ಜಾಗೃತಿ ಸಮಿತಿಗಳು ಈ ಅಧಿಕಾರಿಗಳ ಕೈಕೆಳಗೇ ಬರುತ್ತವೆ. ಮಕ್ಕಳಿದ್ದರೆ 1098, ಹೊಡೆತ ಬಡಿತವಿದ್ದರೆ 112. ಜೀತದಿಂದ ಬಿಡಿಸಿದವರಿಗೆ ಅಧಿಕಾರಿ ಕೊಡುವ ಬಿಡುಗಡೆ ಪತ್ರ ಅವರ ಕೈಗೆ ಸಿಗುವವರೆಗೂ ವಿಚಾರಿಸುತ್ತಿರಿ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣದ ನೆರವೇ 30,000 ರೂಪಾಯಿವರೆಗೆ ಇದೆ, ಆಮೇಲೆ ಸಿಗುವುದು 1 ಲಕ್ಷದಿಂದ 3 ಲಕ್ಷದವರೆಗೆ.