ಹೈಡಾ ಕಡಲಿನ ಇಬ್ಬರು ಕಾವಲುಗಾರರು

ಮೊದಲು ನಕ್ಷತ್ರಮೀನಿನ ಮೈಮೇಲೆ ಬಿಳಿ ಹುಣ್ಣು ಏಳುತ್ತದೆ. ಆಮೇಲೆ ಕೈಗಳು ತಿರುಚಿಕೊಂಡು ಒಂದೊಂದಾಗಿ ಕಳಚುತ್ತವೆ. ಕಳಚಿದ ಕೈ ತನ್ನಷ್ಟಕ್ಕೆ ತೆವಳಿಕೊಂಡು ಹೋಗುತ್ತದೆ. ಕೆಲವೇ ದಿನಗಳಲ್ಲಿ ಉಳಿಯುವುದು ಬರೀ ಲೋಳೆ.

2013ರಿಂದ ಮೆಕ್ಸಿಕೊದಿಂದ ಅಲಾಸ್ಕಾವರೆಗಿನ ಕರಾವಳಿಯಲ್ಲಿ ನಕ್ಷತ್ರಮೀನುಗಳು ಹೀಗೆ ಸತ್ತವು. 20ಕ್ಕೂ ಹೆಚ್ಚು ಜಾತಿಗಳಿಗೆ ರೋಗ ತಗುಲಿತು. ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಬಿದ್ದದ್ದು ಸೂರ್ಯಕಾಂತಿ ನಕ್ಷತ್ರಮೀನಿಗೆ. 24ರವರೆಗೆ ಕೈಗಳು, ಮೀಟರ್ ಅಗಲದ ಮೈ. ಅವುಗಳಲ್ಲಿ ಶೇ 90ರಷ್ಟು ಹೋದವು.

ಆದರೆ ಕತೆ 2013ಕ್ಕೇ ಶುರುವಾಯಿತು ಅಂದರೆ ತಪ್ಪಾಗುತ್ತದೆ.

ಕೆನಡಾದ ಹೈಡಾ ಗ್ವಾಯ್ ದ್ವೀಪಗಳ ಮೂಲನಿವಾಸಿಗಳಾದ ಹೈಡಾ ಜನರಿಗೆ 'ಕಾವ್' ಅಂದರೆ ಪ್ರಾಣ. ವಸಂತದಲ್ಲಿ ಹೆರಿಂಗ್ ಮೀನು ಕೆಲ್ಪ್ ಅನ್ನೋ ಕಡಲಪಾಚಿಯ ಮೇಲೆ ಮೊಟ್ಟೆ ಇಡುತ್ತದೆ. ಎಲೆಯ ಎರಡೂ ಬದಿಗೆ ಸಾಬಕ್ಕಿ ಮೆತ್ತಿದ ಹಾಗೆ ಕಾಣುತ್ತದೆ. ಎಲೆ ಸಮೇತ ತಿನ್ನುವ ಆ ಮೊಟ್ಟೆಯೇ ಕಾವ್. ಕೆಲ್ಪ್ ಇಲ್ಲದಿದ್ದರೆ ಅದೂ ಇಲ್ಲ.

ಕೆಲ್ಪ್ ಅನ್ನು ಬುಡಸಮೇತ ಮೇಯುವುದು ಸೀ ಅರ್ಚಿನ್, ಮೈತುಂಬ ಮುಳ್ಳಿರುವ ಚೆಂಡಿನಂಥ ಪ್ರಾಣಿ. ಅದನ್ನು ತಿಂದು ಹದ್ದುಬಸ್ತಿನಲ್ಲಿಡಲು ಕಡಲ ನೀರುನಾಯಿ, ಸೂರ್ಯಕಾಂತಿ ನಕ್ಷತ್ರಮೀನು ಇಬ್ಬರೂ ಇದ್ದರು. 18ನೇ ಶತಮಾನದ ಕೊನೆಯಲ್ಲಿ ಹೊರಗಿನ ಹಡಗುಗಳು ತುಪ್ಪಳಕ್ಕಾಗಿ ಬಂದವು. ಮುಂದಿನ ಶತಮಾನದಲ್ಲಿ ನೀರುನಾಯಿಗಳು ಇಲ್ಲಿಂದ ಅಳಿದುಹೋದವು. ಒಬ್ಬ ಕಾವಲುಗಾರ ಆಗಲೇ ಹೋಗಿಯಾಗಿತ್ತು. 2013ರ ನಂತರ ಎರಡನೆಯವನಿಗೂ ಕುತ್ತು ಬಂತು.

ಅರ್ಚಿನ್ ಕೂಡ ಹೈಡಾ ಜನರ ಇಷ್ಟದ ಊಟವೇ. ಆದರೆ ಕೆಲ್ಪ್ ಮುಗಿದ ಮೇಲೆ ಒಡೆದು ನೋಡಿದರೆ ಒಳಗೆ ತಿನ್ನಲು ಏನೂ ಇರುವುದಿಲ್ಲ. ಆ ಅರ್ಚಿನ್ ಹಸಿದುಕೊಂಡೇ ವರ್ಷಗಟ್ಟಲೆ ಬದುಕಿ, ಕೆಲ್ಪ್‌ನ ಚಿಗುರನ್ನೂ ಏಳಗೊಡುವುದಿಲ್ಲ. 2018ರಲ್ಲಿ ಹೈಡಾ ರಾಷ್ಟ್ರ ಮತ್ತು ಕೆನಡಾದ ಉದ್ಯಾನ ಇಲಾಖೆ ಸೇರಿ ಮರ್ಚಿಸನ್ ದ್ವೀಪದ ಸುತ್ತ ಸುಮಾರು 3 ಕಿ.ಮೀ. ಉದ್ದಕ್ಕೆ ಅರ್ಚಿನ್ ತೆಗೆಯತೊಡಗಿದವು. ತುಂಬಿದ್ದು ಹೈಡಾ ಮನೆಗಳಿಗೆ ಹೋಯಿತು. ಖಾಲಿ ಇದ್ದುದನ್ನು ಮುಳುಗುಗಾರರು ನೀರಲ್ಲೇ ಒಡೆದರು. ಕೆಲ್ಪ್ ಮತ್ತೆ ಎದ್ದಿತು. ನೀರುನಾಯಿ, ನಕ್ಷತ್ರಮೀನು ಮಾಡುತ್ತಿದ್ದ ಕೆಲಸಕ್ಕೆ ಮನುಷ್ಯರ ಕೈ ಬೇಕಾಯಿತು, ನೋಡಿ.

ರೋಗದ ಕಾರಣ ಸಿಗಲು ಮಾತ್ರ 12 ವರ್ಷ ಹಿಡಿಯಿತು. 2014ರಲ್ಲಿ ಒಂದು ವೈರಸ್ ಮೇಲೆ ಅನುಮಾನ ಬಂತು, ಆದರೆ ಅದು ಸಾಬೀತಾಗಲಿಲ್ಲ. 2025ರಲ್ಲಿ ಕೆನಡಾದ ಹಕಾಯ್ ಎಂಬ ಸಂಶೋಧನಾ ಸಂಸ್ಥೆಯ ಸಂಶೋಧಕರೂ ಇದ್ದ ತಂಡ ನಕ್ಷತ್ರಮೀನಿನ ಮೈಯೊಳಗಿನ ದ್ರವದಲ್ಲಿ ವಿಬ್ರಿಯೊ ಪೆಕ್ಟೆನಿಸಿಡಾ ಎಂಬ ಬ್ಯಾಕ್ಟೀರಿಯಾ ಪತ್ತೆ ಮಾಡಿತು. ನೀರು ಬಿಸಿಯಾದಷ್ಟೂ ರೋಗದ ಕಾಟ ಜಾಸ್ತಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಮಧ್ಯ ಕರಾವಳಿಯಲ್ಲಿ, ಬೆಟ್ಟಗಳ ನಡುವೆ ಒಳಸೇರಿದ ತಣ್ಣನೆಯ ಕಡಲ ಕವಲುಗಳಲ್ಲಿ, ದೊಡ್ಡ ಸೂರ್ಯಕಾಂತಿ ನಕ್ಷತ್ರಮೀನುಗಳು ಇನ್ನೂ ಓಡಾಡಿಕೊಂಡಿವೆ.