ಬೆಲ್ಲ ಕಾಫಿಯೂ ಲಿವರ್‌ನ ಲೆಕ್ಕವೂ

ಜನವರಿಯಲ್ಲಿ ಕೊಡಗಿನ ಸಿದ್ದಾಪುರದ ಕಡೆ ರೋಬಸ್ಟಾ ಕಾಫಿಯ ಕೊಯ್ಲು ಶುರುವಾಯಿತೆಂದರೆ, ಬೆಳಗ್ಗೆ ಹತ್ತರ ಹೊತ್ತಿಗೆ ತೋಟಕ್ಕೆ ದೊಡ್ಡ ಪಾತ್ರೆಯಲ್ಲಿ ಬೆಲ್ಲ ಕಾಫಿ ಬರುತ್ತದೆ. ಹಾಲಿಲ್ಲ, ನೊರೆಯಿಲ್ಲ, ಕಪ್ಪಗೆ ಕುದಿದದ್ದು. ನನಗೆ ಪರಿಚಯದ ಹಳೆಯ ರೈಟರ್ ಒಬ್ಬರಿದ್ದಾರೆ. ತೋಟದ ಲೆಕ್ಕ ಬರೆಯುವವರನ್ನು ನಮ್ಮಲ್ಲಿ ಹಾಗೆನ್ನುವುದು. ದಿನಕ್ಕೆ ಆರು ಲೋಟ ಕುಡಿದೂ ರಾತ್ರಿ ಗೊರಕೆ ಹೊಡೆಯುತ್ತಿದ್ದ ಮನುಷ್ಯ. ಹೋದ ಕೊಯ್ಲಿನಲ್ಲಿ ಲೋಟ ಮುಂದಿಟ್ಟರೆ ಬೇಡವೆಂದರು. "ಈಗೀಗ ಕಾಫಿ ಆಗಿಬರೋದಿಲ್ಲ ಸಾರ್. ಮಧ್ಯಾಹ್ನ ಕುಡಿದ್ರೆ ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡೇ ಇರ್ತೀನಿ." ವಯಸ್ಸಾಯಿತು ಬಿಡಿ ಎಂದು ನಕ್ಕೆವು.

ಕಾಫಿ ಮತ್ತು ಯಕೃತ್ತಿನ ಸಂಶೋಧನೆಗಳನ್ನು ಓದುತ್ತ ಹೋದಾಗ ಆ ಮಾತು ಬೇರೆಯೇ ರೀತಿಯಲ್ಲಿ ನೆನಪಾಯಿತು.

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಕೊಡಗಿನವರಿಗೆ ಕೇಳಲು ಹಿತವಾದ ಸುದ್ದಿ ಮೊದಲು. 2006ರಲ್ಲಿ ಅಮೆರಿಕದ ಆರ್ಥರ್ ಕ್ಲಾಟ್ಸ್ಕಿ ಮತ್ತು ಸಂಗಡಿಗರು ಉತ್ತರ ಕ್ಯಾಲಿಫೋರ್ನಿಯಾದ 1,25,580 ಜನರ ದಾಖಲೆಗಳನ್ನು ಹಲವು ವರ್ಷಗಳ ಉದ್ದಕ್ಕೂ ಹಿಂಬಾಲಿಸಿ ಲೆಕ್ಕ ಹಾಕಿದರು. ಅವರಲ್ಲಿ 330 ಮಂದಿಗೆ ಸಿರೋಸಿಸ್ ಬಂದಿತ್ತು. ಕಾಫಿಯನ್ನೇ ಮುಟ್ಟದವರಿಗೆ ಹೋಲಿಸಿದರೆ, ದಿನಕ್ಕೆ ನಾಲ್ಕು ಕಪ್ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವವರಿಗೆ ಮದ್ಯದಿಂದಾಗುವ ಸಿರೋಸಿಸ್‌ನ ಅಪಾಯ ಸುಮಾರು 80 ಶೇಕಡಾ ಕಡಿಮೆ ಕಂಡಿತು. ಚಹಾ ಕುಡಿಯುವವರಿಗೆ ಅಂಥ ಲಾಭವೇನೂ ಕಾಣಲಿಲ್ಲ. (ಇದನ್ನು ಬರೆಯುವಾಗ ನನಗೆ ಸ್ವಲ್ಪ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.) 2021ರಲ್ಲಿ ಬ್ರಿಟನ್ನಿನ ಸುಮಾರು ಐದು ಲಕ್ಷ ಜನರ ಅಧ್ಯಯನದಲ್ಲೂ ಕಾಫಿ ಕುಡಿಯುವವರಲ್ಲಿ ದೀರ್ಘಕಾಲದ ಯಕೃತ್ತಿನ ರೋಗ 21 ಶೇಕಡಾ, ಅದರಿಂದಾಗುವ ಸಾವು 49 ಶೇಕಡಾ ಕಡಿಮೆಯಿತ್ತು.

ಸಿರೋಸಿಸ್ ಎಂದರೆ ಯಕೃತ್ತಿನ ತುಂಬ ಗಾಯದ ಕಲೆ. ಗ್ರೀಕ್ ಭಾಷೆಯಲ್ಲಿ ಕಂದುಹಳದಿ ಬಣ್ಣಕ್ಕಿರುವ ಪದದಿಂದ ಫ್ರೆಂಚ್ ವೈದ್ಯ ಲೆನೆಕ್ 1819ರಲ್ಲಿ ಈ ಹೆಸರು ಕೊಟ್ಟ; ಸ್ಟೆತೊಸ್ಕೋಪ್ ಕಂಡುಹಿಡಿದವನೂ ಅವನೇ. ಯಕೃತ್ತು ಹುಟ್ಟಾ ಗಟ್ಟಿ ಜೀವ. ರೋಬಸ್ಟಾ ಗಿಡವನ್ನು ಬುಡಕ್ಕೆ ಕಡಿದರೂ ಚಿಗುರುತ್ತದಲ್ಲ, ಹಾಗೆ. 1931ರಲ್ಲಿ ಹಿಗಿನ್ಸ್ ಮತ್ತು ಆ್ಯಂಡರ್ಸನ್ ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಭಾಗ ತೆಗೆದು ನೋಡಿದರು. ಕೆಲವೇ ವಾರಗಳಲ್ಲಿ ಅದು ಹಳೆಯ ತೂಕಕ್ಕೆ ಮರಳಿತು. ಆದರೆ ವರ್ಷಗಟ್ಟಲೆ ಮದ್ಯ, ಕೊಬ್ಬು ಅಥವಾ ವೈರಸ್ಸಿನ ಪೆಟ್ಟು ಬೀಳುತ್ತಲೇ ಇದ್ದರೆ ಚಿಗುರಿಗಿಂತ ಕಲೆ ಮುಂದಾಗುತ್ತದೆ. ಕಾಡಿನಲ್ಲಿ ಮರ ಬಿದ್ದ ಜಾಗಕ್ಕೆ ಸಸಿ ಏಳುವ ಮೊದಲೇ ಲಂಟಾನ ನುಗ್ಗುವುದನ್ನು ನಾಗರಹೊಳೆಯ ಕಡೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಈ ಲಂಟಾನದ ಬೀಜವೆಂದರೆ ನಕ್ಷತ್ರಕೋಶಗಳು. 1876ರಲ್ಲಿ ಕುಪ್ಫರ್ ಎಂಬ ವಿಜ್ಞಾನಿ ಅವುಗಳ ಆಕಾರ ನೋಡಿ ಇಟ್ಟ ಹೆಸರು. ಯಕೃತ್ತು ಚೆನ್ನಾಗಿರುವಾಗ ಇವು ಎ ಜೀವಸತ್ವವನ್ನು ತುಂಬಿಕೊಂಡು ಸುಮ್ಮನೆ ಕುಳಿತಿರುತ್ತವೆ. ಸುತ್ತಲಿನ ಜೀವಕೋಶಗಳು ಸಾಯತೊಡಗಿದರೆ ಎದ್ದು ಕೊಲಾಜನ್ ನಾರು ನೇಯತೊಡಗುತ್ತವೆ. ಅವುಗಳನ್ನು ಕೆರಳಿಸುವವರಲ್ಲಿ ಅಡೆನೊಸಿನ್ ಎಂಬ ಅಣುವೂ ಒಂದು. ಮಿದುಳಿನಲ್ಲಿ ನಮಗೆ ತೂಕಡಿಕೆ ತರುವುದೂ ಅದೇ ಅಡೆನೊಸಿನ್. ಕೆಫೀನ್ ಅದರ ಜಾಗದಲ್ಲಿ ತಾನು ಕೂತು ನಿದ್ದೆ ಓಡಿಸುತ್ತದೆ. ಯಕೃತ್ತಿನಲ್ಲೂ ಹಾಗೇ ಅಡ್ಡ ಕೂತು ನಾರಿನ ನೇಯ್ಗೆ ನಿಧಾನ ಮಾಡುತ್ತದೆ ಎಂಬುದಕ್ಕೆ ಪ್ರಾಣಿಗಳ ಮೇಲಿನ ಪ್ರಯೋಗಗಳ ಬೆಂಬಲವಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಕಾಫಿ ಪುಡಿಯ ಜಾಹೀರಾತಾಗುತ್ತಿತ್ತು. ರೈಟರ್ ಮಾತಿಗೆ ಬರೋಣ.

ಕುಡಿದ ಕೆಫೀನನ್ನು ಒಡೆಯುವ ಕೆಲಸ ಹೆಚ್ಚುಕಡಿಮೆ ಪೂರ್ತಿ ಯಕೃತ್ತಿನದೇ. ಒಂದೇ ಒಂದು ಕಿಣ್ವ ಅದರ ಬಹುಪಾಲನ್ನು ನೋಡಿಕೊಳ್ಳುತ್ತದೆ. ಆರೋಗ್ಯವಂತರಲ್ಲಿ ಸುಮಾರು ಐದು ಗಂಟೆಗೆ ಕೆಫೀನ್ ಅರ್ಧಕ್ಕಿಳಿಯುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ಬೇಗ, ಬಸುರಿಯರಲ್ಲಿ ತುಂಬ ನಿಧಾನ. ಸಿರೋಸಿಸ್ ಬಲಿತವರಲ್ಲಂತೂ ಈ ಅವಧಿ ಹಲವು ಪಟ್ಟು ಹಿಗ್ಗುತ್ತದೆ, ಬೆಳಗಿನ ಕಾಫಿ ಮಾರನೆಯ ದಿನಕ್ಕೂ ರಕ್ತದಲ್ಲಿ ಉಳಿದಿರಬಹುದು. ಇದನ್ನೇ ಬಳಸಿಕೊಂಡು ಯಕೃತ್ತಿನ ಶಕ್ತಿ ಅಳೆಯುವ ಒಂದು ಜಾಣ ಪರೀಕ್ಷೆಯೂ ಇದೆ: ಗುರುತು ಹಾಕಿದ ಇಂಗಾಲವಿರುವ ಕೆಫೀನನ್ನು ಕುಡಿಸಿ, ಆ ಇಂಗಾಲ ಉಸಿರಿನಲ್ಲಿ ಎಷ್ಟು ಬೇಗ ಹೊರಬರುತ್ತದೆ ಎಂದು ನೋಡುವುದು.

ಹಾಗಾದರೆ ಕಾಫಿ ಯಕೃತ್ತನ್ನು ಕಾಯುತ್ತಿದೆಯೋ, ಅಥವಾ ಯಕೃತ್ತು ಸೋತವರೇ ನಿದ್ದೆಗೆಟ್ಟು ಕಾಫಿ ಬಿಡುತ್ತಿದ್ದಾರೋ? ಎರಡನೆಯದಾದರೆ ಕಾಫಿ ಕುಡಿಯದವರ ಗುಂಪಿನಲ್ಲಿ ರೋಗಿಗಳು ತಾವಾಗಿಯೇ ಹೆಚ್ಚುತ್ತಾರೆ, ಕಾಫಿಗೆ ಪುಕ್ಕಟೆ ಹೆಸರು ಬರುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ರುಚಿಕಟ್ಟಾದ ಪ್ರಶ್ನೆ ಇದೇ. ಸಂಶೋಧಕರಿಗೂ ಇದು ಗೊತ್ತು. ಅದಕ್ಕೇ ಆರಂಭದಲ್ಲಿ ಯಕೃತ್ತಿನ ರೋಗವಿಲ್ಲದವರನ್ನಷ್ಟೇ ಆರಿಸಿ ವರ್ಷಗಟ್ಟಲೆ ಕಾಯುತ್ತಾರೆ. ಬ್ರಿಟನ್ನಿನ ಅಧ್ಯಯನದಲ್ಲಿ ಇನ್ನೊಂದು ಸುಳಿವೂ ಸಿಕ್ಕಿತು: ಕೆಫೀನ್ ತೆಗೆದ ಕಾಫಿ ಕುಡಿಯುವವರಲ್ಲೂ ರೋಗ ಕಡಿಮೆ. ಅಂದರೆ ಬರೀ ನಿದ್ದೆಯ ಕಥೆಯಿಂದ ಎಲ್ಲವನ್ನೂ ವಿವರಿಸಲಾಗದು, ಬರೀ ಕೆಫೀನಿನ ಕಥೆಯಿಂದಲೂ ಆಗದು. ಕಾಫಿಯಲ್ಲಿರುವ ಕ್ಲೋರೋಜೆನಿಕ್ ಆಮ್ಲದಂಥ ನೂರಾರು ವಸ್ತುಗಳ ಮೇಲೂ ಕಣ್ಣಿದೆ. ನಮ್ಮ ರೋಬಸ್ಟಾದಲ್ಲಿ ಇದೂ ಕೆಫೀನೂ ಅರೇಬಿಕಾಗಿಂತ ಹೆಚ್ಚು. ಆದರೂ ನನ್ನ ಮಟ್ಟಿಗೆ ಇದು ಬಲವಾದ ಅನುಮಾನವೇ ಹೊರತು ತೀರ್ಪಲ್ಲ. ಸಂಜೆ ಎರಡು ಪೆಗ್ಗು, ಬೆಳಗ್ಗೆ ನಾಲ್ಕು ಕಪ್ಪು, ಲೆಕ್ಕ ಚುಕ್ತಾ ಎಂದುಕೊಳ್ಳುವವರು ನಮ್ಮ ಮಳೆಗಾಲದಲ್ಲಿ ಕಡಿಮೆಯಿಲ್ಲ. ಅವರಿಗೆ ಈ ಅಂಕಿಗಳು ಕುಡಿಯುವ ಪರವಾನಗಿಯಲ್ಲ.

ಮತ್ತೆ, ಆ ಅಧ್ಯಯನಗಳವರ ಕಪ್ಪೇ ಬೇರೆ, ನಮ್ಮ ಲೋಟವೇ ಬೇರೆ. ಅಂಗಡಿಯ ಪುಡಿಯಲ್ಲಿ ಅರ್ಧದ ಹತ್ತಿರದವರೆಗೆ ಚಿಕೋರಿ ಬೆರೆಸಲು ನಮ್ಮಲ್ಲಿ ಕಾನೂನಿನ ಅವಕಾಶವಿದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಪುಡಿಯನ್ನು ನೀರಿಗೇ ಹಾಕಿ ಕುದಿಸಿದರೆ ಕೊಲೆಸ್ಟರಾಲ್ ಏರಿಸುವ ಕೆಫೆಸ್ಟಾಲ್ ಎಂಬ ಎಣ್ಣೆಯಂಶವೂ ಇಳಿಯುತ್ತದೆ, ಕಾಗದದಲ್ಲಿ ಸೋಸಿದರೆ ಅದರ ಬಹುಪಾಲು ಅಲ್ಲೇ ನಿಲ್ಲುತ್ತದೆ. ಇನ್ನು ಬೆಲ್ಲ. ಸಕ್ಕರೆಯಂತೆ ಬೆಲ್ಲದಲ್ಲೂ ಫ್ರಕ್ಟೋಸ್ ಇದೆ. ಅದು ಹೆಚ್ಚಾದರೆ ಯಕೃತ್ತು ಕೊಬ್ಬಾಗಿ ಮಾಡಿ ತನ್ನೊಳಗೇ ಇಟ್ಟುಕೊಳ್ಳುತ್ತದೆ.

ರೈಟರ್ ಕೊನೆಗೆ ಪರೀಕ್ಷೆ ಮಾಡಿಸಿದರು. ಯಕೃತ್ತಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಸರಿಯಾಗಿಯೇ ಇತ್ತು, ಸ್ಕ್ಯಾನಿಂಗ್‌ನಲ್ಲಿ ಮಾತ್ರ ಫ್ಯಾಟಿ ಲಿವರ್, ಗ್ರೇಡ್ ಒನ್, ಅಂದರೆ ಮೊದಲ ಹಂತ. ಅಷ್ಟಕ್ಕೆಲ್ಲ ನಿದ್ದೆ ಕೆಡುವುದಿಲ್ಲ. ಅದು ವಯಸ್ಸಿನದೇ ಇರಬೇಕು, ನಾವು ನಕ್ಕದ್ದು ಪೂರ್ತಿ ತಪ್ಪಲ್ಲ. ಡಾಕ್ಟರು ಕಾಫಿ ಬಿಡಿ ಎನ್ನಲಿಲ್ಲ, ಬೆಲ್ಲ ಬಿಡಿ ಎಂದರು. ಈಗ ಹತ್ತು ಗಂಟೆಯ ಲೋಟ ಒಂದನ್ನು ಮಾತ್ರ, ಸಿಹಿಯಿಲ್ಲದೆ, ಮುಖ ಕಿವುಚಿಕೊಂಡು ಕುಡಿಯುತ್ತಾರೆ. "ಇದ್ಕಿಂತ ಕಷಾಯ ವಾಸಿ ಸಾರ್" ಅನ್ನುತ್ತಾರೆ.